ಮಾವನವರ ಕಾಟಾಕ್ಕೆ ನಾನು ತಂದ ವೇಗ

ನಿಧಾನವಾಗಿ ನಡೆಯುವ ಯಾವ ಕೆಲಸ ಕಂಡರೂ ಸಹಿಸದ ಸ್ವಭಾವ ನನ್ನದು. ಆ ಕೆಲಸ ಬೇರೆಯವರದಾಗಿದ್ದರೆ ಇನ್ನೂ ಸಹಿಸುವುದಿಲ್ಲ.

ಆಗ ನಾನು ರಾಣೆಬೆನ್ನೂರಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಕಂಪ್ಯೂಟರ್ ಬಲ್ಲವನಿಗೆ ಊರಲ್ಲಿ ಇನ್ನೂ ಒಂದಿಷ್ಟು ಮರ್ಯಾದೆ ಉಳಿದಿದ್ದ ಕಾಲ ಅದು. ಟೈಪಿಂಗ್ ಕಲಿಯಲು ಬಂದವರಿಗೆ ಟೈಪಿಂಗ್ ಕಲಿಸಿ, ಉಳಿದ ವೇಳೆಯಲ್ಲಿ ನನಗೆ ನಾನೇ ಪ್ರೋಗ್ರಾಮಿಂಗ್ ಕಲಿಸಿಕೊಳ್ಳುತ್ತಿದ್ದೆ. ಗುರು ಶಿಷ್ಯ ಇಬ್ಬರೂ ನಾನೇ ಆಗಿದ್ದರಿಂದ ಯಾವ ಪರೀಕ್ಷೆಯಲ್ಲೂ ಫೇಲಾಗಿರಲಿಲ್ಲ.

ನನ್ನ ಮಾವ ಚನ್ನಬಸಪ್ಪನವರದು ಮೋಟೆಬೆನ್ನೂರಿನಲ್ಲಿ, ಬ್ಯಾಡಗಿಯ ರಸ್ತೆ ಹೆದ್ದಾರಿಗೆ ಕೂಡುವ ಕಡೆ, ಒಂದು ವೇಬ್ರಿಜ್ ಇತ್ತು. ಲಾರಿಯನ್ನು ಸರಕಿನ ಸಮೇತ ಹತ್ತಿಸಿ ತೂಗುವ ಉಕ್ಕಿನ ಹಾಸು. ಜನರ ಬಾಯಲ್ಲಿ ಕಾಟಾ. ಬ್ಯಾಡಗಿಯ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಹೇರಿಕೊಂಡು ಬಂದ ಲಾರಿಗಳು ಅಲ್ಲಿ ಹತ್ತಿ, ತೂಗಿಸಿಕೊಂಡು, ಒಂದೆರಡು ಸೀನು ಸೀನಿ, ಮುಂದಕ್ಕೆ ಹೋಗುತ್ತಿದ್ದವು. ತೂಕದ ಅಂಕಿ ಕೋಣೆಯ ಒಳಗಿನ ಸಣ್ಣ ಯಂತ್ರದಲ್ಲಿ ಮೂಡುತ್ತಿತ್ತು. ಮಾವನವರು ಅದನ್ನು ನೋಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿ ಹೇಳುತ್ತಿದ್ದರು. ಅವರು ಕೂಗಿದ್ದೇ ತೂಕ. ಅದನ್ನು ಯಾರೂ ಎರಡನೇ ಸಲ ಕೇಳಿದ್ದಿಲ್ಲ.

ಹೀಗಿರುವಾಗ ಹೆದ್ದಾರಿಯ ಆಚೆ ಮಗ್ಗುಲಿಗೆ ಹೊಸದೊಂದು ಕಾಟಾ ಬಂತು. ಅದರ ನೆತ್ತಿಯ ಮೇಲೆ ಕೆಂಪು ದೀಪದ ಅಂಕಿಗಳ ಬೋರ್ಡು. ಲಾರಿ ಹತ್ತಿದರೆ ತೂಕ ಆ ಬೋರ್ಡಿನ ಮೇಲೆ ಬೆಳಗುತ್ತಿತ್ತು. ಡ್ರೈವರ್ ಕೂತಲ್ಲಿಂದಲೇ ಓದಿಕೊಳ್ಳಬಹುದಿತ್ತು.

ಒಂದು ಭಾನುವಾರ ಮೋಟೆಬೆನ್ನೂರಿನ ಮನೆಯಲ್ಲಿ ಊಟಕ್ಕೆ ಕೂತಾಗ ಮಾವನವರು ಅಂದರು:

“ಬ್ಯಾಡಗಿ ಲಾರಿ ಅರ್ಧಕ್ಕರ್ಧ ಆ ಕಡೆ ಹೊಂಟಾವ. ಕೆಂಪು ದೀಪ ನೋಡಾಕ ಹೊಕ್ಕಾರ ಅನಸ್ತೈತಿ.”

ಇನ್ನೊಂದಿಷ್ಟು ಚಟ್ನಿ ಬೇಕು ಎನ್ನುವಷ್ಟೇ ಸಹಜವಾಗಿ ಅವರು ಅದನ್ನು ಹೇಳಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ನಾನೇ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ.

“ಮಾವಾರ, ಅಂಥಾ ಬೋರ್ಡು ನಾ ಮಾಡಿ ಕೊಡ್ತೇನಿ.”

“ರೀ, ಮೊದ್ಲ ಉಣ್ರಿ,” ಅಂದಳು ನನ್ನ ಹೆಂಡತಿ ಶೈಲಾ. ಆಕೆ ನನ್ನನ್ನು ಬಲ್ಲವಳು. ನಾನು ಮನೆಯ ಮಿಕ್ಸರ್ ರಿಪೇರಿ ಮಾಡಿದ ಮೇಲೆ ಆಕೆ ತವರಿನಿಂದ ಒಂದು ಒರಳುಕಲ್ಲು ತರಿಸಿಕೊಂಡಿದ್ದಳು.

ಬೋರ್ಡನ್ನು ಹುಬ್ಬಳ್ಳಿಯಿಂದ ತಂದೆವು. ನನ್ನ ಕ್ಲಾಸಿನಲ್ಲಿ ಯಾವ ವಿದ್ಯಾರ್ಥಿಯೂ ಕೂಡಲು ಒಪ್ಪದ ಹಳೆಯ ಕಂಪ್ಯೂಟರ್ ಒಂದಿತ್ತು. ಅದಕ್ಕೆ ಬಡ್ತಿ ಕೊಟ್ಟು ಕಾಟಾಕ್ಕೆ ಕಳಿಸಿದೆ. ಕೆಲಸ ಇಷ್ಟೇ. ಒಳಗಿನ ಯಂತ್ರ ತೂಕ ಹೇಳುತ್ತದೆ. ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು, ಬೋರ್ಡಿಗೆ ತಿಳಿಯುವ ಹಾಗೆ ಕಟ್ಟಿ, ತಂತಿಯ ಮೂಲಕ ಕಳಿಸುತ್ತದೆ.

ಈ ಕಟ್ಟುವ ಕೆಲಸ ಇದೆಯಲ್ಲ, ಮುಂದೆ ಆದ ಅನಾಹುತಕ್ಕೆಲ್ಲ ಅದೇ ಮೂಲ. ಆದ್ದರಿಂದ ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೋರ್ಡಿಗೆ ಅಂಕಿಯನ್ನು ಎರಡು ಚೀಲದಲ್ಲಿ ತುಂಬಿ ಕಳಿಸಬೇಕು. ಕಂಪ್ಯೂಟರಿನವರು ಈ ಚೀಲಕ್ಕೆ ಬೈಟ್ ಎನ್ನುತ್ತಾರೆ. ಮೊದಲು ಹೋಗುವುದು ದೊಡ್ಡ ಚೀಲ, ಅದರ ಹಿಂದೆ ಸಣ್ಣ ಚೀಲ. ಸಣ್ಣ ಚೀಲದಲ್ಲಿ ಒಂದು ಕಾಯಿ ಇದ್ದರೆ ಒಂದು ಕಿಲೋ ಎಂದು ಅರ್ಥ. ದೊಡ್ಡ ಚೀಲದಲ್ಲಿ ಒಂದು ಕಾಯಿ ಇದ್ದರೆ ಇನ್ನೂರ ಐವತ್ತಾರು ಕಿಲೋ. ಮುನ್ನೂರು ಕಿಲೋ ಎಂದು ಹೇಳಬೇಕಾದರೆ ದೊಡ್ಡ ಚೀಲದಲ್ಲಿ ಒಂದು ಕಾಯಿ, ಸಣ್ಣದರಲ್ಲಿ ನಲವತ್ತನಾಲ್ಕು.

“ಇನ್ನೂರ ಐವತ್ತಾರ ಯಾಕ್ರಿ?” ಎಂದು ಮಾವನವರು ಕೇಳಿದರು.

“ಅದು ಹಂಗ ಐತ್ರಿ.”

ಅವರು ತಲೆಯಾಡಿಸಿದರು. ಮಣ, ಸೇರು, ಕ್ವಿಂಟಲ್ ಎಲ್ಲ ಕಂಡವರು. ಅಳತೆಯ ವಿಷಯದಲ್ಲಿ ಇಂಥ ಉತ್ತರ ಅವರಿಗೆ ಹೊಸದಲ್ಲ.

“ಮತ್ತ ಈ ಕೆಲಸ ಯಾವ ಭಾಷಾದಾಗ ಮಾಡಾಕತ್ತೀರಿ?”

“ಪೈಥಾನ್ ಅಂತ್ರಿ.”

“ಹಂಗಂದ್ರ?”

“ಹೆಬ್ಬಾವು.”

ಮಾವನವರು, “ಲಗೂ ಓಡೋದು ಯಾವ್ದರ ಇದ್ರ ನೋಡ್ಬೇಕಿತ್ತು” ಅಂದರು.

ಬೋರ್ಡು ಬೆಳಗಿತು. ತೂಕ ಬಂತು. ಸರಿಯಾದ ತೂಕವೇ ಬಂತು. ಒಂದಿಷ್ಟು ತಡವಾಗಿ ಬಂತು.

ಒಳಗಿನ ಯಂತ್ರ ಪುರುಸೊತ್ತಿಲ್ಲದ ಹೆಂಗಸಿನ ಹಾಗೆ ಒಂದೇ ಸಮನೆ ತೂಕ ಹೇಳುತ್ತಲೇ ಇರುತ್ತಿತ್ತು. ಹೆಬ್ಬಾವು ಅದರ ಒಂದೊಂದು ಮಾತನ್ನೂ ಶ್ರದ್ಧೆಯಿಂದ ಕೇಳಿ, ಎರಡೆರಡು ಚೀಲ ಕಟ್ಟಿ, ಬೋರ್ಡಿಗೆ ದಾಟಿಸುತ್ತಿತ್ತು. ಅಷ್ಟರಲ್ಲಿ ಹಿಂದೆ ಕಾದು ನಿಂತ ತೂಕಗಳ ಪಾಳಿ ಬೆಳೆಯುತ್ತಿತ್ತು. ಹೀಗಾಗಿ ಲಾರಿ ಹತ್ತಿದಾಗ ಬೋರ್ಡು ಸೊನ್ನೆ ತೋರಿಸುತ್ತಿತ್ತು. ಲಾರಿ ಇಳಿದು ಹೋದ ಮೇಲೆ ಅದರ ತೂಕವನ್ನು ನೆನೆಸಿಕೊಂಡು ತೋರಿಸುತ್ತಿತ್ತು.

ಮೌಲಾಲಿ ಅಂತ ಒಬ್ಬ ಲಾರಿ ಡ್ರೈವರು ಇದ್ದ. ಮಾವನವರ ಹಳೇ ಗಿರಾಕಿ. ಅವನೇ ಇದನ್ನು ಮೊದಲು ಹೇಳಿದವನು.

“ಸಾವ್ಕಾರ್ರ, ನಾ ಇಳದೇನಿ. ನನ್ನ ತೂಕ ಇನ್ನೂ ಮ್ಯಾಲ ಐತಿ.”

“ಇರ್ಲಿ ಬಿಡೋ, ಇಳೀತೈತಿ. ಅಲ್ಲೀತನ ಚಾ ಕುಡಿ,” ಅಂದರು ಮಾವನವರು.

ನನಗೆ ಮೈ ಉರಿಯಿತು. “ಮಾವಾರ, ಇದು ಭಾಳ ನಿಧಾನ ಆತ್ರಿ.”

“ಆಗ್ಲಿ ಬಿಡ್ರಿ ಅಳಿಯಾರ. ಖರೇ ಹೇಳ್ತೈತಲ್ಲ, ಸಾಕು.”

ಇದನ್ನು ನಾನು ಅವರ ದೊಡ್ಡ ಮನಸ್ಸು ಎಂದು ತಿಳಿದೆ. ಸಲಹೆ ಎಂದು ತಿಳಿಯಲಿಲ್ಲ.

ತಪ್ಪು ಎಲ್ಲಿದೆ ಎಂದು ಹುಡುಕುವ ಗೋಜಿಗೆ ನಾನು ಹೋಗಲಿಲ್ಲ. ಚೀಲ ಕಟ್ಟುವ ಕೆಲಸದಲ್ಲೇ ತಡವಾಗುತ್ತಿದೆ ಎಂದು ನನಗೆ ಕೂತಲ್ಲೇ ಹೊಳೆದಿತ್ತು. ಪೈಥಾನ್ ಎನ್ನುವುದು ಒಂದೊಂದೇ ಸಾಲು ಓದಿ, ಅರ್ಥ ಹೇಳಿಕೊಂಡು ಮುಂದೆ ಹೋಗುವ ಭಾಷೆ, ಪುರಾಣ ಹೇಳಿದ ಹಾಗೆ. ಸಿ ಭಾಷೆ ಹಾಗಲ್ಲ. ಅದರಲ್ಲಿ ಬರೆದಿದ್ದನ್ನು ಮೊದಲೇ ಯಂತ್ರದ ಮಾತಿಗೆ ಇಳಿಸಿ ಇಟ್ಟುಬಿಡಬಹುದು. ಕರೆದ ಕೂಡಲೇ ಓಡುತ್ತದೆ. ಹೆಬ್ಬಾವಿನ ಹೊಟ್ಟೆಯೊಳಗೆ ಸಿ ಭಾಷೆಯ ಒಂದು ತುಂಡು ಸೇರಿಸಿ, ಚೀಲ ಕಟ್ಟುವ ಕೆಲಸವೊಂದನ್ನು ಅದಕ್ಕೆ ವಹಿಸಿಕೊಡುವ ವಿದ್ಯೆ ಇದೆ ಎಂದು ಎಲ್ಲೋ ಓದಿದ್ದೆ. ಸಾಕಲ್ಲ.

ಹಾವೇರಿಗೆ ಹೋಗಿ ಸಿ ಭಾಷೆಯ ಒಂದು ದಪ್ಪ ಪುಸ್ತಕ ಕೊಂಡೆ. ಅಂಗಡಿಯವರು, “ಮಗಗೇನ್ರಿ?” ಎಂದು ಕೇಳಿದರು. ಹೂಂ ಅಂದೆ. ನಮಗಿನ್ನೂ ಮಕ್ಕಳಾಗಿರಲಿಲ್ಲ.

ಆಮೇಲೆ ಕೆಲವು ವಾರ ನಾನು ಮನೆಯಲ್ಲಿದ್ದೆ ಎನ್ನುವುದಕ್ಕೆ ಊಟದ ತಾಟು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಪ್ರತಿ ಸಲವೂ ಕಂಪ್ಯೂಟರ್ ನಾನು ಬರೆದದ್ದನ್ನು ಓದಿ, ತಪ್ಪುಗಳ ಪಟ್ಟಿ ಕೊಡುತ್ತಿತ್ತು. ಒಂದು ತಪ್ಪು ತಿದ್ದಿದರೆ ಅದರ ಬಂಧುಬಳಗ ಬರುತ್ತಿತ್ತು. ಕ್ಲಾಸಿನಲ್ಲಿ ಟೈಪಿಂಗ್ ಕಲಿಯುವವರು ತಾವೇ ಬಂದು, ತಾವೇ ಕಲಿತು, ತಾವೇ ಫ್ಯಾನ್ ಆರಿಸಿ ಹೋಗುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಅದು ಓಡಿತು. ಸಾವಿರಾರು ಚೀಲ ಕಟ್ಟುವ, ಹಳೆಯ ದಾರಿಯಲ್ಲಿ ಚಹಾ ಕುದಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಕೆಲಸ, ಹೊಸದರಲ್ಲಿ ನಾನು ಗುಂಡಿ ಒತ್ತಿದ ಬೆರಳನ್ನು ಎತ್ತುವ ಮೊದಲೇ ಮುಗಿದಿತ್ತು. ಶೈಲಾಳನ್ನು ಒಳಗಿನಿಂದ ಕರೆದು ತೋರಿಸಿದೆ.

“ಬರೋಬ್ಬರಿ ಐತೇನ್ರಿ?” ಅಂದಳು.

“ಎಷ್ಟ ಲಗೂ ಐತಿ ನೋಡು.”

“ಲಗೂ ಐತೇನು ಅಂತ ಕೇಳಿಲ್ಲ ನಾ. ಬರೋಬ್ಬರಿ ಐತೇನು ಅಂದೆ.”

ವಿಜ್ಞಾನದ ಮುನ್ನಡೆಗೆ ಇಂಥ ಪ್ರಶ್ನೆಗಳು ಎಲ್ಲ ಕಾಲದಲ್ಲೂ ಅಡ್ಡ ಬಂದಿವೆ.

ಮೆಣಸಿನಕಾಯಿಯ ಹಂಗಾಮು ಶುರುವಾಗುವುದರಲ್ಲಿತ್ತು. ಹೊಸ ವೇಗದ ಬೋರ್ಡಿಗೆ ಒಂದು ಪೂಜೆ ಮಾಡಿಯೇ ಶುರು ಮಾಡೋಣ ಎಂದು ಮಾವನವರು ಹೇಳಿದರು. ಬ್ಯಾಡಗಿಯ ದಲಾಲಿ ವ್ಯಾಪಾರಿ ಗುರುಶಾಂತಪ್ಪನವರಿಗೂ ಹೇಳಿ ಕಳಿಸಿದರು. ಅವರ ಲಾರಿಗಳು ಆಚೆ ಕಾಟಾದ ಕಡೆ ತಿರುಗಿ ಕೆಲವು ದಿನ ಆಗಿತ್ತು. ಅವು ಮರಳಿ ಬಂದರೆ ಉಳಿದವೂ ಬರುತ್ತವೆ ಎನ್ನುವುದು ಮಾವನವರ ಲೆಕ್ಕ. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಅಷ್ಟೇ.

ನಾನು ಬೆಳಿಗ್ಗೆ ಬೇಗ ಹೋಗಿ ಹೊಸ ಪ್ರೋಗ್ರಾಮ್ ಹಾಕಿದೆ. ಖಾಲಿ ಕಾಟಾ: ಬೋರ್ಡು ಸೊನ್ನೆ ತೋರಿಸಿತು. ಸರಿಯಾಗಿತ್ತು. ಹಾಲಿನ ವ್ಯಾನೊಂದು ಬಂತು. ಕರೆದು ಹತ್ತಿಸಿದೆ. ಒಳಗಿನ ಯಂತ್ರದಲ್ಲಿ 2570. ಬೋರ್ಡಿನ ಮೇಲೂ 2570. ವ್ಯಾನು ಹತ್ತುವಾಗ ನಡುವೆ ಏನೇನೋ ವಿಚಿತ್ರ ಅಂಕಿಗಳು ಮಿಂಚಿ ಹೋದವು. ವೇಗದ ಲಕ್ಷಣ ಎಂದುಕೊಂಡೆ.

“ಟೆಸ್ಟ್ ಮುಗೀತೇನ್ರಿ?” ಶೈಲಾ ಕೇಳಿದಳು.

“ಮುಗೀತು.”

“ಒಂದ ವ್ಯಾನ್ ಮ್ಯಾಲ?”

“ಸೊನ್ನೀನೂ ನೋಡೇನಿ.”

ಗುರುಶಾಂತಪ್ಪನವರು ಬಂದರು. ಮೌಲಾಲಿ ಅವರ ಮಾಲನ್ನೇ ಹೇರಿಕೊಂಡು ಬಂದು, ಲಾರಿ ಪಕ್ಕಕ್ಕೆ ನಿಲ್ಲಿಸಿ ಕಾಯುತ್ತಿದ್ದ. ಇನ್ನೂ ನಾಲ್ಕಾರು ಡ್ರೈವರುಗಳು, ಚಹಾದಂಗಡಿಯ ಮುಂದೆ ಕೂತಿದ್ದ ಜನ, ಎಲ್ಲ ಬೋರ್ಡಿನ ಕಡೆ ಮುಖ ಮಾಡಿ ನಿಂತರು. ಅತ್ತೆ ಗಿರಿಜವ್ವನವರು ಇಳಕಲ್ ಸೀರೆ ಉಟ್ಟು, ವಿಭೂತಿ ಕುಂಕುಮ ಊದಿನಕಡ್ಡಿಯ ತಾಟು ಹಿಡಿದು ಬಂದರು. ಪೂಜೆ ಕಾಟಾದ ನಟ್ಟನಡುವೆ ಆಗಬೇಕು ಎಂದು ಅವರ ಅಪೇಕ್ಷೆ. ಚಪ್ಪಲಿ ಬಿಟ್ಟು ಒಬ್ಬರೇ ಹತ್ತಿ ನಡುವೆ ನಿಂತರು.

ಬೋರ್ಡು ತಡ ಮಾಡಲಿಲ್ಲ. 17920 ಎಂದು ತೋರಿಸಿತು.

ಡ್ರೈವರುಗಳಿಗೆ ಬೋರ್ಡಿನ ಅಂಕಿಯನ್ನು ಗಟ್ಟಿಯಾಗಿ ಓದುವ ರೂಢಿ. ಮೌಲಾಲಿ ಕೆಟ್ಟ ಮನಸ್ಸಿನವನಲ್ಲ. ರೂಢಿಯ ಪ್ರಕಾರ ಓದಿದ.

“ಹದಿನೇಳು ಟನ್ನ, ಒಂಬೈನೂರಾ ಇಪ್ಪತ್ತು ಕಿಲೋ.”

ಗುರುಶಾಂತಪ್ಪನವರು ಮರ್ಯಾದಸ್ಥರು. “ಪೂಜಿ ಸಾಮಾನು ಭಾಳ ಇದ್ದಂಗ ಐತಿ,” ಎಂದು ಮೆಲ್ಲಗೆ ಅಂದರು.

ಈ ಹಂತದಲ್ಲಿ ನಾನು ಸುಮ್ಮನಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪನ್ನು ಕಣ್ಣಾರೆ ನೋಡಿ ಅಭ್ಯಾಸ ಮಾಡುವ ಅವಕಾಶ ಪದೇ ಪದೇ ಸಿಗುವುದಿಲ್ಲ.

“ಅತ್ತಿಯಾರ, ಅಲ್ಲೇ ನಿಂದ್ರಿ. ಅಲ್ಲಾಡಬ್ಯಾಡ್ರಿ,” ಅಂದೆ.

ಅತ್ತೆಯವರು ತಾಟು ಹಿಡಿದುಕೊಂಡು ಹಾಗೇ ನಿಂತರು. ನೋಡುವವರ ಸಂಖ್ಯೆ ಹೆಚ್ಚಿತು. ಮಾವನವರಿಗೆ ತಡೆಯಲಾಗಲಿಲ್ಲ. ಹೆಂಡತಿಯ ಕೈ ಹಿಡಿದು ಇಳಿಸಬೇಕೆಂದು ಅವರೂ ಕಾಟಾ ಹತ್ತಿದರು. ಬೋರ್ಡು 34560 ತೋರಿಸಿತು. ಆ ಕಾಟಾದ ತಾಕತ್ತೇ ಮೂವತ್ತು ಟನ್ನು. ಏನೋ ಎಡವಟ್ಟಾಗಿದೆ, ಹತ್ತಿರದಿಂದ ನೋಡೋಣ ಎಂದು ನಾನೂ ಹತ್ತಿದೆ. 49920.

ಗಂಡ, ಹೆಂಡತಿ, ಅಳಿಯ. ಮೂವರು ಸೇರಿ ಐವತ್ತು ಟನ್ನಿಗೆ ಎಂಬತ್ತು ಕಿಲೋ ಕಡಿಮೆ.

ಶೈಲಾ ಮಾತ್ರ ಹತ್ತಲಿಲ್ಲ. ಹತ್ತಿರ ಬಂದು, ತಾಯಿಯ ಕೈಯಿಂದ ತಾಟು ಇಸಿದುಕೊಂಡು, “ಇಳೀರಿ ಎಲ್ಲಾರೂ” ಅಂದಳು. ಇಳಿದೆವು.

“ಮನುಷ್ಯಾರ ತೂಕಕ್ಕ ಮಾಡಿದ್ದಲ್ಲಿದು,” ಎಂದು ನಾನು ನೆರೆದವರಿಗೆ ವಿವರಿಸಿದೆ. “ಲಾರಿ ತೂಕ ಬರೋಬ್ಬರಿ ತೋರಸ್ತೈತಿ. ಮೌಲಾಲಿ, ಹತ್ತಸ ನಿನ್ನ ಗಾಡಿ.”

ಮೌಲಾಲಿ ಹತ್ತಿಸಿದ. ನೆತ್ತಿಯ ತನಕ ಮೆಣಸಿನಕಾಯಿ ಚೀಲ ಹೇರಿದ ಲಾರಿ. ಕಾಟಾ ನರಳಿತು. ಒಳಗಿನ ಯಂತ್ರ 16640 ಎಂದಿತು.

ಬೋರ್ಡು 65 ಎಂದಿತು.

ಮೌಲಾಲಿ ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. “ಸಾವ್ಕಾರ್ರ, ಅರವತ್ತೈದು ನಾ ಒಬ್ಬನ ಅದೇನಿ. ಲಾರಿ ಎಲ್ಲಿ ಹೋತ್ರಿ? ಮಾಲು ಎಲ್ಲಿ ಹೋತ್ರಿ?”

ಜನ ಈಗ ನಕ್ಕರು. ಗುರುಶಾಂತಪ್ಪನವರು ನಗಲಿಲ್ಲ. ಅದು ಅವರ ಮಾಲು. ಮಾವನವರ ಹತ್ತಿರ ಹೋಗಿ, ಮನೆಯಲ್ಲಿ ಯಾರಿಗೋ ಜ್ವರ ಬಂದಿದೆ ಎನ್ನುವ ಹಾಗೆ ದನಿ ತಗ್ಗಿಸಿ ಹೇಳಿದರು:

“ಚನ್ನಬಸಪ್ಪಣ್ಣ, ನಿಮ್ಮ ಮ್ಯಾಲ ನನಗ ನಂಬಿಕಿ ಐತಿ. ಬೋರ್ಡಿಗಿ ಆರಾಮ ಆಗೋತನ ಮಾಲು ಆ ಕಡೆ ತೂಗಸ್ತೇನಿ.”

ಲಾರಿ ಹೆದ್ದಾರಿ ದಾಟಿ ಆಚೆ ಹೋಯಿತು. ಅದರ ಹಿಂದೆ ಕಾಯುತ್ತಿದ್ದ ಇನ್ನೆರಡು ಗಾಡಿಗಳೂ ಹೋದವು. ಮಾವನವರು ಏಣಿ ತರಿಸಿ, ಬೋರ್ಡಿಗೆ ಒಂದು ಗೋಣಿಚೀಲ ಹೊದಿಸಿದರು. ಕೋಣೆಯೊಳಗೆ ಹೋಗಿ ಕೂತು, ಮೊದಲಿನ ಹಾಗೆ ಕಿಟಕಿಯಿಂದ ತೂಕ ಕೂಗತೊಡಗಿದರು. ಆ ದಿನ ಅವರ ದನಿ ಕಿಟಕಿ ದಾಟಿ ಹೋಗುತ್ತಿರಲಿಲ್ಲ. ಎಂದೂ ಎರಡನೇ ಸಲ ಕೇಳದಿದ್ದ ಡ್ರೈವರುಗಳು “ಏನಂದ್ರಿ?” ಎಂದು ಕೇಳುತ್ತಿದ್ದರು. ನಾನು ಹೊರಗೆ ನಿಂತು ಅದನ್ನು ಕೇಳಿಸಿಕೊಂಡೆ. ಅಲ್ಲಿಯವರೆಗೆ ನನಗೆ ಆದದ್ದೆಲ್ಲ ಒಂದು ಲೆಕ್ಕದ ತಪ್ಪಿನ ಹಾಗೆ ಕಂಡಿತ್ತು.

ಮಧ್ಯಾಹ್ನ ಊಟಕ್ಕೆ ಕೂತೆವು. ಅತ್ತೆಯವರು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಒಳಗಿನಿಂದಲೇ ಮಗಳಿಗೆ ಹೇಳಿದರು:

“ಶೈಲಾ, ನಿನ್ನ ಗಂಡಗ ಅನ್ನ ಎಷ್ಟ ಟನ್ ನೀಡ್ಬೇಕು, ಕೇಳು.”

ನಾನು ಸ್ವಲ್ಪ ಸಾಕು ಅಂದೆ.

ಉಣ್ಣುತ್ತ ಉಣ್ಣುತ್ತ ನನಗೆ ಒಂದು ಅನುಮಾನ ಬಂತು. ಬೋರ್ಡು ತೋರಿಸಿದ ಅಂಕಿಗೂ ನಿಜವಾದ ತೂಕಕ್ಕೂ ಏನೋ ಒಂದು ಲೆಕ್ಕದ ಸಂಬಂಧ ಇರಬೇಕು. 17920 ಅನ್ನು ಅತ್ತೆಯವರ ನಿಜವಾದ ತೂಕದಿಂದ ಭಾಗಿಸಿದರೆ ಗುಟ್ಟು ಗೊತ್ತಾಗುತ್ತದೆ. ಅದಕ್ಕೆ ಬೇಕಾದ ಮಾಹಿತಿ ಗೋಡೆಯ ಆಚೆಯೇ ಇತ್ತು.

“ಅತ್ತಿಯಾರ,” ಅಂದೆ ಗಟ್ಟಿಯಾಗಿ, “ನಿಮ್ಮ ಖರೇ ತೂಕ ಎಷ್ಟ್ರಿ?”

ಮಾವನವರು ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. ಒಳಗಿನಿಂದ ಉತ್ತರ ಬಂತು.

“ಅರವತ್ತು.”

ಎಡಗೈಯಲ್ಲಿ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಭಾಗ ಆಗಲಿಲ್ಲ. ಅರವತ್ತೈದು ಹಾಕಿ ನೋಡಿದೆ. ಅದೂ ಆಗಲಿಲ್ಲ. ಎಪ್ಪತ್ತು ಹಾಕಿದೆ. ಚೂರೂ ಉಳಿಯದೆ ಇನ್ನೂರ ಐವತ್ತಾರು ಬಂತು. ನನಗೆ ಆದ ಆನಂದವನ್ನು ಒಬ್ಬನೇ ಇಟ್ಟುಕೊಳ್ಳಲು ಆಗಲಿಲ್ಲ.

“ಅರವತ್ತಕ್ಕ ಕೂಡಂಗಿಲ್ರಿ ಅತ್ತಿಯಾರ, ಬಾಕಿ ಉಳೀತೈತಿ. ಎಪ್ಪತ್ತು ಇಟ್ರ ಬರೋಬ್ಬರಿ ಕೂಡ್ತೈತಿ. ಲೆಕ್ಕದ ಪ್ರಕಾರ ನೀವು ಎಪ್ಪತ್ತು ಇರಬೇಕ್ರಿ.”

ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿದ್ದ ಸಪ್ಪಳವಾಯಿತು. ತಾನಾಗಿ ಬಿತ್ತೋ ಹೇಗೋ ಹೇಳಲಾರೆ.

ಶೈಲಾ ನನ್ನ ಪಕ್ಕಕ್ಕೆ ಬಂದು ಕೂತಳು. “ಕಾಟಾದ ಮ್ಯಾಲ ನೀವೂ ನಿಂತಿದ್ರಿ, ಹೌದಲ್ರಿ?”

“ಹೌದು.”

“ನಿಮ್ಮ ತೂಕ ನಿಮಗ ಗೊತ್ತೈತೋ ಇಲ್ಲೋ?”

“ಗೊತ್ತೈತಿ. ಅರವತ್ತು.”

“ಮತ್ತ ಅದರ ಮ್ಯಾಲ ಲೆಕ್ಕ ಹಾಕಬಹುದಿತ್ತಿಲ್ಲ?”

ಹಾಕಬಹುದಿತ್ತು. ಬೋರ್ಡಿನಲ್ಲಿ ನನ್ನಿಂದ ಹೆಚ್ಚಾದದ್ದು 15360. ಅರವತ್ತರಿಂದ ಭಾಗಿಸಿದರೆ ಅದೂ ಇನ್ನೂರ ಐವತ್ತಾರೇ. ಎಷ್ಟು ಸುಲಭವಾಗಿ ಭಾಗವಾಗುತ್ತಿತ್ತು ಎಂದರೆ ಅದನ್ನು ಹೇಳಲು ನಾಚಿಕೆಯಾಗುತ್ತದೆ.

ಆದದ್ದು ಇಷ್ಟು. ಬೋರ್ಡಿಗೆ ಮೊದಲು ದೊಡ್ಡ ಚೀಲ ಹೋಗಬೇಕು, ಆಮೇಲೆ ಸಣ್ಣದು. ಹಳೆಯ ಪೈಥಾನ್ ಪ್ರೋಗ್ರಾಮಿನಲ್ಲಿ ನಾನು ಬೋರ್ಡಿನ ಜೊತೆ ಬಂದ ಕಾಗದ ನೋಡಿ ಹಾಗೆಯೇ ಬರೆದಿದ್ದೆ. ಸಿ ಭಾಷೆಯಲ್ಲಿ ಬರೆಯುವಾಗ ವೇಗದ ಉತ್ಸಾಹದಲ್ಲಿ, ಕಂಪ್ಯೂಟರಿನ ಉಗ್ರಾಣದಲ್ಲಿ ಚೀಲಗಳು ಹೇಗೆ ಇದ್ದವೋ ಹಾಗೇ ಎತ್ತಿ ಕಳಿಸಿಬಿಟ್ಟಿದ್ದೆ. ಆ ಕಂಪ್ಯೂಟರಿನ ಮನೆಯ ಪದ್ಧತಿ ಬೇರೆ. ಅಲ್ಲಿ ಸಣ್ಣ ಚೀಲ ಮುಂದೆ. ಹೀಗಾಗಿ ಅತ್ತೆಯವರ ಎಪ್ಪತ್ತು ಕಾಯಿಗಳು ದೊಡ್ಡ ಚೀಲದ ಜಾಗದಲ್ಲಿ ಹೋಗಿ ಕೂತವು. ಒಂದೊಂದು ಕಾಯಿಗೂ ಇನ್ನೂರ ಐವತ್ತಾರು ಕಿಲೋ ಆಯಿತು. ಮೌಲಾಲಿಯ ಲಾರಿಯ ದೊಡ್ಡ ಚೀಲದಲ್ಲಿದ್ದದ್ದು ಅರವತ್ತೈದು ಕಾಯಿ. ಸಣ್ಣ ಚೀಲದ ಜಾಗಕ್ಕೆ ಹೋಗಿ ಅವು ಬರೀ ಅರವತ್ತೈದು ಕಿಲೋ ಆದವು.

“ಹಂಗಾದ್ರ ಮುಂಜಾನಿ ಹಾಲಿನ ವ್ಯಾನ್ ಬರೋಬ್ಬರಿ ಹೆಂಗ ಬಂತು?” ಶೈಲಾ ಕೇಳಿದಳು.

ಕೂತು ಲೆಕ್ಕ ಹಾಕಿದೆ. 2570 ಎಂದರೆ ದೊಡ್ಡ ಚೀಲದಲ್ಲಿ ಹತ್ತು ಕಾಯಿ, ಸಣ್ಣದರಲ್ಲೂ ಹತ್ತು ಕಾಯಿ. ಅದಲುಬದಲು ಮಾಡಿದರೂ ಅಷ್ಟೇ. ಗದಗ ಎನ್ನುವ ಹೆಸರನ್ನು ಎತ್ತಲಿಂದ ಓದಿದರೂ ಗದಗವೇ. ಹಾವೇರಿ ಹಾಗಲ್ಲ, ತಿರುಗಿಸಿ ಓದಿದರೆ ರಿವೇಹಾ ಆಗುತ್ತದೆ. ಬ್ಯಾಡಗಿ ಗಿಡಬ್ಯಾ ಆಗುತ್ತದೆ. ಆ ಊರುಗಳಿಗೆ ಬಸ್ಸು ಇಲ್ಲ. ಇಡೀ ಹೆದ್ದಾರಿಯಲ್ಲಿ ಓಡಾಡುವ ಅಷ್ಟೊಂದು ಗಾಡಿಗಳಲ್ಲಿ ಗದಗದಂಥ ತೂಕದ ಒಂದೇ ಒಂದು ವ್ಯಾನನ್ನು ನಾನು ಕೈಮಾಡಿ ಕರೆದಿದ್ದೆ.

ಒಂದು ಸಾಲು ತಿದ್ದಿದೆ. ಈ ಸಲ ಟೆಸ್ಟಿನ ಮೇಲ್ವಿಚಾರಣೆ ಶೈಲಾಳದು. ಟ್ರ್ಯಾಕ್ಟರು, ಖಾಲಿ ಚಕ್ಕಡಿ, ತುಂಬಿದ ಚಕ್ಕಡಿ, ಜೀಪು, ನಾನು, ನಾನು ಮತ್ತು ಒಂದು ಚೀಲ ಸಿಮೆಂಟು, ಎಲ್ಲವನ್ನೂ ಹತ್ತಿಸಿ ಇಳಿಸಿ ನೋಡಿದಳು. ಎಲ್ಲ ಸರಿಯಾಗಿ ಬಂತು. ಜನ ಇಲ್ಲದ ಹೊತ್ತು ನೋಡಿ ಅತ್ತೆಯವರೂ ಒಮ್ಮೆ ಹತ್ತಿದರಂತೆ. ಬೋರ್ಡು 70 ತೋರಿಸಿತಂತೆ. ಇಳಿದು ಬಂದು, “ಇನ್ನೂ ಬರೋಬ್ಬರಿ ಆಗಿಲ್ಲದು” ಎಂದು ಮಗಳಿಗೆ ಹೇಳಿದರಂತೆ. ಮಗಳು ಹೌದು ಅಂದಳಂತೆ.

ಗೋಣಿಚೀಲ ತೆಗೆದೆವು. ಈಗ ಬೋರ್ಡಿಗೆ ಖರೇ ಹೇಳುವುದೂ ಗೊತ್ತಿತ್ತು, ಲಗೂ ಹೇಳುವುದೂ ಗೊತ್ತಿತ್ತು. ಎರಡೂ ಒಟ್ಟಿಗೆ ಬಂದಾಗ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಮೌಲಾಲಿ ಬಂದು ಲಾರಿ ಹತ್ತಿಸಿದ. ಎಂಜಿನ್ ನಡುಗುತ್ತಿತ್ತು, ಗಾಳಿ ಬೀಸುತ್ತಿತ್ತು, ಕ್ಲೀನರ್ ಹತ್ತಿ ಇಳಿದು ಮಾಡುತ್ತಿದ್ದ. ಪ್ರತಿಯೊಂದು ಅಲುಗಾಟವೂ ಆ ಕ್ಷಣವೇ ಬೋರ್ಡಿನ ಮೇಲೆ ಬಂತು. ಅಂಕಿಗಳು ಮೇಲೆ ಕೆಳಗೆ ಕುಣಿದವು. ಯಾವುದನ್ನೂ ಪೂರ್ತಿ ಓದಲು ಆಗುತ್ತಿರಲಿಲ್ಲ.

“ಸಾವ್ಕಾರ್ರ, ಈಗ ಒಂದ ಬಂದು ಹೋತಲ್ಲ, ಸಣ್ಣದು, ಅದನ್ನ ಬರ್ಕೋರಿ,” ಅಂದ ಮೌಲಾಲಿ.

“ಯಾವ್ದಲೇ?”

“ಹೋತ್ರಿ ಅದು. ತಡೀರಿ, ಮತ್ತ ಬರ್ತೈತಿ.”

ಮಾವನವರು ಕೋಣೆಯಿಂದ ನನ್ನ ಕಡೆ ನೋಡಿದರು. ಏಣಿ ಎಲ್ಲಿದೆ ಎಂದು ಯಾರನ್ನೋ ಕೇಳಿದರು.

ನಾನು ಅವತ್ತೇ ಇನ್ನೊಂದು ತಿದ್ದುಪಡಿ ಮಾಡಿದೆ. ಯಂತ್ರ ಹೇಳುವ ಪ್ರತಿಯೊಂದು ತೂಕವನ್ನೂ ಬೋರ್ಡಿಗೆ ಕಳಿಸುವುದು ಬೇಡ. ಲಾರಿ ಸ್ತಬ್ಧವಾಗಿ ನಿಲ್ಲುವವರೆಗೆ ಕಾಯುವುದು. ಅಂಕಿ ಅಲುಗಾಡುವುದು ನಿಂತ ಮೇಲೆ ಒಂದೇ ಒಂದನ್ನು ಕಳಿಸುವುದು. ಉಳಿದದ್ದನ್ನೆಲ್ಲ ಬಿಟ್ಟುಬಿಡುವುದು. ಪಾಳಿಯೇ ಇಲ್ಲ.

ಅದು ಕೆಲಸ ಮಾಡಿತು. ಲಾರಿ ಹತ್ತಿ, ನಿಂತು, ಉಸಿರು ಬಿಟ್ಟ ಮೇಲೆ ಬೋರ್ಡು ಗಂಭೀರವಾಗಿ ಒಂದು ಅಂಕಿ ತೋರಿಸುತ್ತಿತ್ತು. ಇಳಿದರೆ ಸೊನ್ನೆ. ಗುರುಶಾಂತಪ್ಪನವರು ಒಂದು ದಿನ ಏನೂ ಹೇಳದೆ, ಒಂದೇ ಲಾರಿಯನ್ನು ಆಚೆ ಕಾಟಾದಲ್ಲೂ ಈಚೆ ಕಾಟಾದಲ್ಲೂ ತೂಗಿಸಿ ನೋಡಿದರು. ಎರಡೂ ಕಡೆ ಒಂದೇ ಬಂತು. ಮಾರನೆಯ ವಾರದಿಂದ ಅವರ ಲಾರಿಗಳು ಈಚೆಗೇ ಬಂದವು. ಮಾವನವರ ದನಿಯೂ ಮರಳಿ ಬಂತು. ಬೋರ್ಡು ಇದ್ದರೂ ಕಿಟಕಿಯಿಂದ ತೂಕ ಕೂಗುವುದನ್ನು ಅವರು ಬಿಡಲಿಲ್ಲ.

ಇದಾದ ಕೆಲವು ದಿನಕ್ಕೆ ನಾನು ಕ್ಲಾಸಿನಲ್ಲಿ ಸುಮ್ಮನೆ ಕೂತಿದ್ದಾಗ ಒಂದು ವಿಚಾರ ಬಂತು. ಈಗ ಬೋರ್ಡಿಗೆ ಹೋಗುವುದು ಒಂದು ಲಾರಿಗೆ ಒಂದೇ ಅಂಕಿ. ಒಂದು ಅಂಕಿಗೆ ಎರಡು ಚೀಲ. ಎರಡು ಚೀಲ ಕಟ್ಟಲು ಸಿ ಭಾಷೆ ಯಾಕೆ ಬೇಕು? ಮೋಟೆಬೆನ್ನೂರಿಗೆ ಹೋಗಿ, ಯಾರಿಗೂ ಹೇಳದೆ, ಸಿ ಯ ತುಂಡನ್ನು ತೆಗೆದುಹಾಕಿ ಮೊದಲಿನ ಪೈಥಾನ್ ಸಾಲನ್ನೇ ಹಾಕಿದೆ. ಮೌಲಾಲಿ ಬಂದ, ಹತ್ತಿದ, ಓದಿದ, ಇಳಿದು ಹೋದ. ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ. ಗಡಿಯಾರ ಹಿಡಿದು ನೋಡಿದ ನನಗೂ ತಿಳಿಯಲಿಲ್ಲ. ಮೊದಲ ದಿನ ನಾನು ಮಾಡಬೇಕಾಗಿದ್ದದ್ದು ಪಾಳಿಯನ್ನು ಬಿಟ್ಟುಬಿಡುವ ಆ ಒಂದು ಕೆಲಸ ಮಾತ್ರ. ಅದನ್ನು ಹೆಬ್ಬಾವೇ ಮಾಡುತ್ತಿತ್ತು, ಹೇಳಿದ್ದರೆ.

ಹೊರಗೆ ಬಂದೆ. ಮಾವನವರು ಗುರುಶಾಂತಪ್ಪನವರ ಜೊತೆ ಚಹಾ ಕುಡಿಯುತ್ತ ಕೂತಿದ್ದರು. ನನ್ನನ್ನು ಕಂಡು, ಅವರಿಗೆ ಹೇಳಿದರು:

“ಮೊದ್ಲ ಯಾವ್ದೋ ಹೆಬ್ಬಾವಿನಾಗ ಮಾಡಿದ್ರು ನಮ್ಮ ಅಳಿಯಾರು, ಅದು ಓಡಲಿಲ್ಲ. ಈಗ ಸಿ ಒಳಗ ಮಾಡ್ಯಾರ ನೋಡ್ರಿ. ಎಷ್ಟ ಛಲೋ ಐತಿ.”

ಗುರುಶಾಂತಪ್ಪನವರು ಬೋರ್ಡಿನ ಕಡೆ ನೋಡಿ, “ಸಿ ಅಂದ್ರ ಸಿ ನ ಬಿಡ್ರಿ” ಅಂದರು.

ಅಂದಿನಿಂದ ಮಾವನವರು ಕಾಟಾಕ್ಕೆ ಬಂದವರಿಗೆಲ್ಲ ಇದನ್ನು ಹೇಳುತ್ತಾರೆ. ನಾನು ಎದುರಿಗೆ ಇದ್ದರೆ ತಲೆಯಾಡಿಸುತ್ತೇನೆ. ನಾನು ಬರೆದ ಪ್ರೋಗ್ರಾಮುಗಳಲ್ಲಿ ಈ ಊರಿನ ಜನ ಬಾಯಿತುಂಬ ಹೊಗಳಿದ್ದು ಅದೊಂದನ್ನೇ. ಅದು ಅಲ್ಲಿಲ್ಲ.